ಅವ್ವಿಯ ಪೂರ್ತಿ ಹೆಸರು

“ಲೇ ಅವ್ವೀ, ಆ ಕಡ್ಡಿ ಬಿಡಬ್ಯಾಡ! ಬಿಟ್ಟಿ ಅಂದ್ರ ಪೂರಾ ಟೆಂಟು ನನ್ನ ತಲಿ ಮ್ಯಾಲೆ ಬೀಳ್ತೈತಿ!”

ಕಿತ್ತಳೆ ಬಣ್ಣದ ಬಟ್ಟೆಯ ಒಳಗಿನಿಂದ ಹಾಲೇಶ್ ದೊಡ್ಡಪ್ಪನ ದನಿ ಬಂತು. ದೊಡ್ಡಪ್ಪ ಮಾತ್ರ ಕಾಣುತ್ತಿರಲಿಲ್ಲ. ಬಟ್ಟೆಯೊಳಗೆ ಒಂದು ದೊಡ್ಡ ಉಬ್ಬು ಅತ್ತಿಂದಿತ್ತ, ಇತ್ತಿಂದತ್ತ ಓಡಾಡುತ್ತಿತ್ತು.

“ಬಿಟ್ಟಿಲ್ಲ ದೊಡ್ಡಪ್ಪಾ, ಗಟ್ಟಿ ಹಿಡ್ಕಂಡೀನಿ,” ಅಂದಳು ಅವ್ವಿ. ಕಡ್ಡಿ ಬಿಸಿಲಿಗೆ ಕಾದು ಅಂಗೈ ಚುರುಗುಟ್ಟುತ್ತಿತ್ತು.

“ತ್ರಿವೇಣೀ, ಬುಕ್ಕಿನ್ಯಾಗ ಮುಂದ ಏನ್ ಬರ್ದಾರ ನೋಡು!”

ದೊಡ್ಡಪ್ಪನ ಮಗಳು ತ್ರಿವೇಣಿಗೆ ಹದಿಮೂರು ವರ್ಷ. ಅವಳು ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿದಳು. “ಪಪ್ಪಾ, ಇದು ಚೈನೀಸ್‌ನಾಗ ಐತಿ.”

“ಚಿತ್ರ ನೋಡಿ ಹೇಳಲೇ!”

“ಚಿತ್ರದಾಗ ಇಬ್ರು ನಗಾಕತ್ತಾರ. ಅವ್ರ ಟೆಂಟು ಆಗ್ಲೇ ನಿಂತೈತಿ.”

ಹತ್ತು ಹೆಜ್ಜೆ ಆಚೆ ಹುಣಸೆ ಮರದ ಕೆಳಗೆ ಎಲ್ಲರೂ ಗೊಳ್ಳೆಂದು ನಕ್ಕರು. ಅಲ್ಲಿ ಅಜ್ಜಿ ಕುಳಿತಿದ್ದಳು. ಬಂದ ಕೂಡಲೇ ಎರಡು ಬಿದಿರು ನೆಡಿಸಿ, ಮರದ ಕೊಂಬೆಗೆ ಹಳೆಯ ಸೀರೆ ಕಟ್ಟಿಸಿ, ಚಾಪೆ ಹಾಸಿಸಿ, ಮೂರು ಕಲ್ಲಿನ ಒಲೆ ಹೂಡಿಸಿ ಆಗಿತ್ತು. ಈಗ ಅವಳು ಮಿರ್ಚಿಗೆ ಮೆಣಸಿನಕಾಯಿ ಸೀಳುತ್ತಿದ್ದಳು.

“ಹಾಲೇಶಾ, ಸಾಕು ಬಾರಪ್ಪ. ಬಿಸಲಾಗ ನೀನೇ ಬಜ್ಜಿ ಆಗ್ತಿ,” ಅಂದಳು ಅಜ್ಜಿ.

“ಬ್ಯಾಡವ್ವಾ! ಇವತ್ತು ಪಿಕ್‌ನಿಕ್ ಅಲ್ಲ, ಕ್ಯಾಂಪಿಂಗ್! ಟೆಂಟು ಇಲ್ದಿದ್ರ ಅದು ಕ್ಯಾಂಪಿಂಗೇ ಅಲ್ಲ!”

ಪ್ರತಿ ಬೇಸಿಗೆಯಲ್ಲೂ, ಶಾಲೆ ಶುರುವಾಗುವ ಮೊದಲು, ಒಂದು ಭಾನುವಾರ ಇಡೀ ಮನೆತನ ಕಮಲಾಪುರದ ಕೆರೆಯ ದಂಡೆಗೆ ಬಂದು ಸೇರುತ್ತಿತ್ತು. ಕಂಪ್ಲಿಯಿಂದ ದೊಡ್ಡಪ್ಪನ ಮನೆಯವರು, ಸಂಡೂರಿನಿಂದ ನೀಲಗಂಗಮ್ಮ ಅತ್ತೆಯ ಮನೆಯವರು, ಹೊಸಪೇಟೆಯಿಂದ ಅಜ್ಜಿ ಮತ್ತು ಅವ್ವಿಯ ಮನೆಯವರು. ಎಲ್ಲರೂ ಹೊಸಪೇಟೆಯಲ್ಲಿ ಸೇರಿ ಒಂದೇ ಟೆಂಪೊದಲ್ಲಿ ಬರುತ್ತಿದ್ದರು. ಬುತ್ತಿ, ಬಾಣಲೆ, ಮಂಡಕ್ಕಿ ಚೀಲ, ನೀರಿನ ಕ್ಯಾನು, ಮಕ್ಕಳು, ಮರಿ ಎಲ್ಲ ಸೇರಿ ಟೆಂಪೊ ಉಬ್ಬಿಕೊಂಡಿರುತ್ತಿತ್ತು.

ತಲೆ ಎಣಿಸುವ ಕೆಲಸ ದೊಡ್ಡಪ್ಪನದು. ಇವತ್ತು ಬೆಳಗ್ಗೆಯೂ ಎಣಿಸಿ, “ಇಪ್ಪತ್ತೆರಡು! ಒಬ್ರು ಕಮ್ಮಿ! ಯಾರಲೇ ಬಂದಿಲ್ಲ?” ಅಂತ ಗಾಬರಿಯಾಗಿದ್ದ. ಆಮೇಲೆ ನೋಡಿದರೆ ಅವನು ತನ್ನನ್ನೇ ಎಣಿಸಿಕೊಂಡಿರಲಿಲ್ಲ. ಹೋದ ವರ್ಷವೂ ಹೀಗೇ ಆಗಿತ್ತು.

ಕೊನೆಗೂ ಟೆಂಟು ನಿಂತಿತು. ಸ್ವಲ್ಪ ವಾಲಿಕೊಂಡು ನಿಂತಿತು, ಆದರೂ ನಿಂತಿತು. ದೊಡ್ಡಪ್ಪ ಆರಿಸಿದ ಜಾಗದಲ್ಲಿ ನೆಲ ಗಟ್ಟಿಯಾಗಿ ಗೂಟ ಇಳಿಯಲಿಲ್ಲ. ಅದಕ್ಕೆ ಅವನು ಒಳಗೆ ಎರಡು ದೊಡ್ಡ ನೀರಿನ ಕ್ಯಾನುಗಳನ್ನು ಇಟ್ಟ. “ಇನ್ನ ಆನೆ ಬಂದ್ರೂ ಅಲ್ಲಾಡಂಗಿಲ್ಲ,” ಅಂತ ಕೈ ಕೊಡವಿದ.

ಅವ್ವಿ ಅಂಗೈಗೆ ಊದಿಕೊಳ್ಳುತ್ತಾ ಹುಣಸೆ ಮರದ ಕಡೆ ನೋಡಿದಳು. ಅಜ್ಜಿ ಒಬ್ಬಳೇ ಇದ್ದಾಳಾ? ಇಲ್ಲ. ಪಕ್ಕದಲ್ಲಿ ನೀಲಗಂಗತ್ತೆ ಈರುಳ್ಳಿ ಹೆಚ್ಚುತ್ತಿದ್ದಳು.

ಇವತ್ತು ಅವ್ವಿಗೆ ಅಜ್ಜಿಯ ಹತ್ತಿರ ಒಂದು ಮಾತು ಕೇಳುವುದಿತ್ತು. ಬೆಳಗ್ಗೆಯಿಂದ ಸಮಯ ಕಾಯುತ್ತಿದ್ದಳು.

ಸಂಗತಿ ಏನೆಂದರೆ, ಅವ್ವಿ ಅನ್ನುವುದು ಅವಳ ಹೆಸರಲ್ಲ. ಅವಳ ಹೆಸರು ಮರುಳಸಿದ್ದಮ್ಮ.

ಅದು ಅಜ್ಜಿಯ ಹೆಸರು. ಅವ್ವಿ ಹುಟ್ಟಿದಾಗ ಅಜ್ಜ ಆ ಹೆಸರನ್ನೇ ಇಡಬೇಕೆಂದಿದ್ದನಂತೆ. ಇಟ್ಟರು. ಆದರೆ ಮನೆಯಲ್ಲಿ ಒಬ್ಬರೂ ಆ ಹೆಸರಿನಿಂದ ಅವಳನ್ನು ಕರೆಯಲಿಲ್ಲ. ಅಮ್ಮ ಹೇಗೆ ಕರೆಯುತ್ತಾಳೆ? ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹಿಡಿಯುವಂತಿಲ್ಲ. ದೊಡ್ಡಮ್ಮನೂ ಸೊಸೆಯೇ. ಅಪ್ಪ, ದೊಡ್ಡಪ್ಪ, ನೀಲಗಂಗತ್ತೆಗೆ ಅದು ಹೆತ್ತ ತಾಯಿಯ ಹೆಸರು. ಹಾಗಾಗಿ ಎಲ್ಲರೂ ಅವ್ವಿ, ಅವ್ವಿ ಅಂದರು. ಅದೇ ನಿಂತಿತು.

ಅವ್ವಿ ಮೂರನೇ ಕ್ಲಾಸಿನಲ್ಲಿದ್ದಾಗ ಅಮ್ಮ ಪ್ರೋಗ್ರೆಸ್ ಕಾರ್ಡ್ ತರಲು ಶಾಲೆಗೆ ಹೋಗಿದ್ದಳು. ಹೊಸ ಮೇಷ್ಟ್ರು ಕೇಳಿದರು:

“ನಿಮ್ಮ ಮಗಳ ಹೆಸರೇನಮ್ಮಾ?”

“ನಮ್ಮ ಅತ್ತಿ ಹೆಸ್ರು ಇಟ್ಟೀವ್ರಿ ಸರ್.”

“ಸರಿ, ಅತ್ತೆ ಹೆಸರೇನು?”

“ನನ್ ಮಗಳದ್ದೇ ರೀ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಕೊನೆಗೆ ಅಮ್ಮ ಹಾಜರಿ ಪುಸ್ತಕದ ಮೇಲೆ ಬೆರಳು ಇಟ್ಟು, “ಇದು ನೋಡ್ರಿ,” ಅಂತ ತೋರಿಸಿದ್ದಳು.

ಹಾಗಾಗಿ ತನ್ನ ಪೂರ್ತಿ ಹೆಸರನ್ನು ಅವ್ವಿ ಕೇಳಿದ್ದು ಶಾಲೆಯ ಹಾಜರಿಯಲ್ಲಿ ಮಾತ್ರ. ಅಲ್ಲಿ ಏನಾಗುತ್ತಿತ್ತು ಅಂತೀರಿ? ಮೇಷ್ಟ್ರು “ಮರುಳಸಿದ್ದಮ್ಮ” ಅಂದ ಕೂಡಲೇ ಹಿಂದಿನ ಬೆಂಚಿನಿಂದ ಒಂದು ದನಿ ಏಳುತ್ತಿತ್ತು. “ಅಜ್ಜಿ ಬಂದ್ಲು, ಎದ್ದು ಸೀಟ್ ಬಿಡ್ರಲೇ!” ಇನ್ನೊಬ್ಬ “ಅಜ್ಜೀ, ಕೋಲು ತಂದಿಯೇನು?” ಅನ್ನುತ್ತಿದ್ದ. ಕೆಲವರು ಬರೀ “ಮರುಳೀ” ಅಂತಲೂ ಕರೆಯುತ್ತಿದ್ದರು. ಐದು ವರ್ಷ ಹೀಗೇ ನಡೆಯಿತು.

ಈಗ ಆರನೇ ಕ್ಲಾಸಿಗೆ ಹೊಸ ಶಾಲೆ. ಅಲ್ಲಿಯ ಆಫೀಸಿನಲ್ಲಿ ಅಪ್ಪನಿಗೆ ಹೇಳಿದ್ದರು: “ಹೆಸ್ರು ಬದಲಿ ಮಾಡಿಸೋದಿದ್ರ ಈಗ್ಲೇ ಮಾಡಿಸ್ರಿ. ಸೋಮವಾರ ಫಾರ್ಮ್ ಕೊಡ್ರಿ. ಮುಂದ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೂ ಅದೇ ಹೆಸ್ರು ಹೋಗ್ತೈತಿ.”

ಅವ್ವಿ ಅವತ್ತೇ ಹಟ ಹಿಡಿದಳು. ಹೊಸ ಹೆಸರನ್ನು ತ್ರಿವೇಣಿ ಫೋನಿನಲ್ಲಿ ಹುಡುಕಿ ಕೊಟ್ಟಿದ್ದಳು. ಅಪ್ಪ ಕೂದಲಲ್ಲಿ ಬೆರಳಾಡಿಸುತ್ತಾ ಬಹಳ ಹೊತ್ತು ಯೋಚಿಸಿ, “ಅಜ್ಜಿ ಹೂಂ ಅನ್ಲಿ. ಆಕಿ ಹೂಂ ಅಂದ್ರ ನಂದೇನೂ ಇಲ್ಲ. ಆದ್ರ ನೀನೇ ಕೇಳ್ಬೇಕು,” ಅಂದಿದ್ದ.

ನಾಳೆ ಸೋಮವಾರ. ಫಾರ್ಮು ಮಡಿಚಿಕೊಂಡು ಅಪ್ಪನ ಅಂಗಿಯ ಜೇಬಿನಲ್ಲಿತ್ತು.

ಅವ್ವಿ ಹೋಗಿ ಅಜ್ಜಿಯ ಪಕ್ಕ ಕುಳಿತಳು.

“ಅಜ್ಜೀ…”

“ಬಾ, ಈ ಮೆಣಸಿನಕಾಯಿ ಒಳಗ ಜೀರಿಗಿ ಉಪ್ಪು ತುಂಬು. ಕಣ್ಣು ಮುಟ್ಕಬ್ಯಾಡ.”

ಅವ್ವಿ ತುಂಬಿದಳು. ಒಂದು, ಎರಡು, ಹತ್ತು. ನೀಲಗಂಗತ್ತೆ ಎದ್ದು ಹೋದಳು. ಈಗ ಕೇಳಬೇಕು.

“ಅಜ್ಜೀ, ಒಂದು ಮಾತು…”

“ನಿನ್ನ ಕೈ ನನ್ನ ಕೈಯಂಗೇ ಐತಿ ನೋಡು. ಕಿರುಬೆರಳು ಡೊಂಕು.” ಅಜ್ಜಿ ತನ್ನ ಕೈಯನ್ನು ಅವಳ ಕೈಯ ಪಕ್ಕ ಇಟ್ಟಳು. ಹೌದು, ಎರಡು ಕಿರುಬೆರಳೂ ಒಂದೇ ಕಡೆ ಬಾಗಿದ್ದವು. “ಏನೋ ಕೇಳಾಕತ್ತಿದ್ದೆಲ್ಲ?”

“ಏನಿಲ್ಲ. ನೀರು ಕುಡೀತಿಯೇನು ಅಂತ ಕೇಳಿದೆ.”

ಥತ್! ಅವ್ವಿಗೆ ತನ್ನ ಮೇಲೇ ಸಿಟ್ಟು ಬಂತು.

ಮಧ್ಯಾಹ್ನದ ಹೊತ್ತಿಗೆ ಎಣ್ಣೆ ಕಾಯಿತು. ಮಂಡಕ್ಕಿ ಒಗ್ಗರಣೆ ದೊಡ್ಡ ಪಾತ್ರೆಯಲ್ಲಿ ಹಳದಿಯಾಗಿ ತಯಾರಾಯಿತು. ಎಲ್ಲರೂ ಒಲೆಯ ಸುತ್ತ ಪೇಪರ್ ಪ್ಲೇಟು ಹಿಡಿದು ಕುಳಿತರು. ಮಿರ್ಚಿ ಕರಿಯುವುದು ಮಾತ್ರ ಅಜ್ಜಿಯೇ. ಬೇರೆ ಯಾರಿಗೂ ಜಾರವನ್ನು, ಆ ತೂತಿನ ಸೌಟನ್ನು, ಕೊಡುತ್ತಿರಲಿಲ್ಲ. ಅವಳ ಮಿರ್ಚಿ ಯಾವತ್ತೂ ಬಂಗಾರದ ಬಣ್ಣ.

ತ್ರಿವೇಣಿ ಅವ್ವಿಯ ಕಿವಿಯಲ್ಲಿ, “ಕೇಳಿದೇನಲೇ?” ಅಂದಳು.

ಅವ್ವಿ ತಲೆ ಅಲ್ಲಾಡಿಸಿದಳು.

“ನೀ ಹಿಂಗಾದ್ರ ಆತು ಬಿಡು,” ಅಂದವಳೇ ತ್ರಿವೇಣಿ ಗಟ್ಟಿಯಾಗಿ ಕೂಗಿಬಿಟ್ಟಳು: “ಅಜ್ಜೀ! ಅವ್ವಿಗೆ ಹೆಸ್ರು ಬದ್ಲಿ ಮಾಡ್ಬೇಕಂತ! ನಾಳೆ ಫಾರ್ಮ್ ಕೊಡ್ಬೇಕಂತ! ನೀ ಹೂಂ ಅನ್ಬೇಕಂತ!”

ಎಲ್ಲರೂ ಅವ್ವಿಯ ಕಡೆ ತಿರುಗಿದರು. ಅವ್ವಿಗೆ ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸಿತು. ಅಮ್ಮ ತಲೆ ತಗ್ಗಿಸಿ ಪ್ಲೇಟನ್ನೇ ನೋಡುತ್ತಿದ್ದಳು.

“ಏನ್ ಹೆಸ್ರಂತ?” ಕೇಳಿದ ದೊಡ್ಡಪ್ಪ.

“ಮಾನ್ವಿ,” ಅಂದಳು ಅವ್ವಿ ಮೆಲ್ಲಗೆ.

“ಮಾನ್ವಿ? ರಾಯಚೂರು ಕಡಿ ಊರಲ್ಲೇನದು? ಅಲ್ಲಿಗೆ ಬಸ್ ಹೋಗ್ತೈತಲ್ಲ!”

“ಪಪ್ಪಾ, ಅದು ಊರಲ್ಲ! ಮಾಡರ್ನ್ ಹೆಸ್ರು!”

“ಯಾರಾದ್ರೂ ‘ಎಲ್ಲಿಗೆ ಹೊಂಟ್ರಿ’ ಅಂದ್ರ ‘ಮಾನ್ವಿ ಜೋಡಿ ಮಾನ್ವಿಗೆ ಹೊಂಟೀವಿ’ ಅನ್ಬೇಕು ಹಂಗಾರ!”

ಹುಡುಗರು ಬಿದ್ದು ಬಿದ್ದು ನಕ್ಕರು. ಅವ್ವಿಯ ಕಣ್ಣಲ್ಲಿ ನೀರು ಬಂತು. ಹೊಗೆಗೆ ಬಂದ ಹಾಗೆ ಒರೆಸಿಕೊಂಡಳು.

“ಸುಮ್ಕಿರಲೇ ಹಾಲೇಶಾ,” ಅಂದಳು ಅಜ್ಜಿ. ಅವಳ ಕಣ್ಣು ಬಾಣಲೆಯ ಮೇಲಿತ್ತು. “ಹುಡುಗಿ ಹೆಸ್ರು, ಹುಡುಗಿ ಇಷ್ಟ. ಹೂಂ, ಮಾಡಿಸ್ರಿ.”

ಅಷ್ಟೇ. ಇಷ್ಟು ದಿನ ಹೆದರಿದ್ದು ಒಂದು ‘ಹೂಂ’ನಲ್ಲಿ ಮುಗಿದುಹೋಯಿತು.

ತ್ರಿವೇಣಿ ಮೊಣಕೈಯಿಂದ ತಿವಿದು, “ಮಸ್ತ್! ಆತಲ್ಲ!” ಅಂದಳು. ಅಪ್ಪ ಜೇಬು ಮುಟ್ಟಿ ನೋಡಿಕೊಂಡ. ಮತ್ತೆ ಮಾತು ಶುರುವಾಯಿತು, ಮತ್ತೆ ನಗು.

ಅವ್ವಿಯ ಪ್ಲೇಟಿಗೆ ಒಂದು ಮಿರ್ಚಿ ಬಂದು ಬಿತ್ತು. ಅದರ ಒಂದು ಬದಿ ಕರ್ರಗೆ ಕರಕಲಾಗಿತ್ತು. ಅಜ್ಜಿಯ ಮಿರ್ಚಿ ಕರಕಲಾಗಿದ್ದನ್ನು ಅವ್ವಿ ನೋಡಿದ್ದು ಅದೇ ಮೊದಲು.

ಊಟವಾದ ಮೇಲೆ ದೊಡ್ಡವರು ಚಾಪೆಯ ಮೇಲೆ ಉರುಳಿದರು. ಗಂಡಸರು ಇಸ್ಪೀಟು ಹಾಕಿದರು. ಅಮ್ಮ ಪಾತ್ರೆ ಜೋಡಿಸುತ್ತಿದ್ದಳು.

“ಅಮ್ಮಾ, ನಾನು ಟೆಂಟ್ನಾಗ ಮಕ್ಕಂತೀನಿ,” ಅಂದಳು ಅವ್ವಿ.

“ಹೂಂ, ಮಕ್ಕ. ಬಿಸಲಾಗ ತಿರುಗಬ್ಯಾಡ.”

ಅವ್ವಿ ಒಳಗೆ ಹೋದಳು. ಅಬ್ಬಾ! ಟೆಂಟು ರೊಟ್ಟಿ ಹಂಚಿನ ಹಾಗೆ ಕಾದಿತ್ತು. ಎರಡು ನಿಮಿಷವೂ ಇರಲಾಗಲಿಲ್ಲ. ಹಿಂದಿನ ಜಿಪ್ ತೆಗೆದು ಆ ಕಡೆಯಿಂದ ಹೊರಗೆ ಬಂದಳು. ಅವಳು ಹೊರಬಂದದ್ದನ್ನು ಯಾರೂ ನೋಡಲಿಲ್ಲ.

ದಂಡೆಯಲ್ಲಿ ಸ್ವಲ್ಪ ದೂರ ದೊಡ್ಡ ದೊಡ್ಡ ಬಂಡೆಗಳಿದ್ದವು, ಒಂದರ ಮೇಲೊಂದು ಹೊಂದಿಸಿಟ್ಟ ಹಾಗೆ. ಅವುಗಳ ಹಿಂದೆ ನೆರಳು, ನೆರಳಿನ ಪಕ್ಕದಲ್ಲೇ ನೀರು. ಅವ್ವಿ ಅಲ್ಲಿ ಕುಳಿತು ಪಾದ ಇಳಿಬಿಟ್ಟಳು. ಸಣ್ಣ ಮೀನುಗಳು ಬಂದು ಹೆಬ್ಬೆರಳು ಮುಟ್ಟಿ ಓಡಿದವು.

ಖುಷಿಯಾಗಬೇಕಿತ್ತು. ಯಾಕೋ ಆಗಲಿಲ್ಲ. ಆ ಕರಕಲು ಮಿರ್ಚಿ ನೆನಪಿಗೆ ಬರುತ್ತಿತ್ತು.

ಅವಳು ನೀರಿನಲ್ಲಿ ಬೆರಳದ್ದಿ, ಬಿಸಿಲಿಗೆ ಕಾದ ಬಂಡೆಯ ಮೇಲೆ ಬರೆದಳು: ಮಾನ್ವಿ. ಎರಡೇ ಅಕ್ಷರ. ಓದಿ ಮುಗಿಸುವಷ್ಟರಲ್ಲಿ ಆರಿಹೋಯಿತು. ಮತ್ತೆ ಬರೆದಳು, ಮತ್ತೆ ಆರಿತು.

ಆಮೇಲೆ ಸುಮ್ಮನೆ ಹಳೆಯದನ್ನು ಬರೆದು ನೋಡಿದಳು. ಮ, ರು, ಳ, ಸಿ… ‘ದ್ದ’ಕ್ಕೆ ಬರುವಷ್ಟರಲ್ಲಿ ‘ಮ’ ಮಾಯವಾಗಿತ್ತು. ಓಹೋ! ಬಂಡೆ ಅವಳ ಜೊತೆ ಪಂದ್ಯ ಕಟ್ಟಿದ ಹಾಗಿತ್ತು. ಮೊದಲ ಅಕ್ಷರ ಆರುವುದರೊಳಗೆ ಆರು ಅಕ್ಷರ ಮುಗಿಸಬೇಕು. ಅವ್ವಿ ಲಂಗ ಮೇಲಕ್ಕೆತ್ತಿ ಸರಿಯಾಗಿ ಕುಳಿತಳು. ಮತ್ತೆ ಬರೆದಳು. ಸೋತಳು. ಎರಡು ಬೆರಳು ಅದ್ದಿ ಬರೆದಳು. ಸೋತಳು.

ಒಮ್ಮೆಲೇ ಗಾಳಿ ಎದ್ದಿತು. ಬೇಸಿಗೆಯ ಸುಳಿಗಾಳಿ. ಧೂಳು, ಹುಣಸೆ ಎಲೆ, ಎಲ್ಲಿಂದಲೋ ಬಂದ ಪೇಪರ್ ಪ್ಲೇಟು ಬಂಡೆಯ ಮೇಲಿಂದ ಹಾರಿಹೋದವು. ಅವ್ವಿ ಕಣ್ಣು ಮುಚ್ಚಿಕೊಂಡಳು. ಗಾಳಿ ಹೋಯಿತು. ಮತ್ತೆ ಬೆರಳದ್ದಿದಳು.

ದೂರದಲ್ಲಿ ಯಾರೋ ಕೂಗುತ್ತಿದ್ದರು. “ಅವ್ವೀ… ಅವ್ವೀ…”

ಅವ್ವಿ ತಲೆ ಎತ್ತಲಿಲ್ಲ. ದಂಡೆಯಲ್ಲಿ ಇನ್ನೂ ನಾಲ್ಕು ಮನೆಯವರು ಬಂದಿದ್ದರು. ಬೆಳಗ್ಗೆಯಿಂದ ಎಷ್ಟೋ ಅವ್ವಂದಿರನ್ನು, ಅವ್ವಿಯರನ್ನು ಕರೆದದ್ದು ಕೇಳಿಸಿತ್ತು. ಯಾವುದೋ ಮಗು ತಾಯಿಯನ್ನು ಕರೆಯುತ್ತಿರಬೇಕು.

ಮ, ರು, ಳ, ಸಿ, ದ್ದ…

“ಮರುಳಸಿದ್ದಮ್ಮಾ!”

ಅವ್ವಿಯ ಬೆರಳು ಬಂಡೆಯ ಮೇಲೆ ನಿಂತುಬಿಟ್ಟಿತು.

ಆ ದನಿ ಗೊತ್ತು. ಅದು ಅಮ್ಮನದು. ಆ ಹೆಸರೂ ಗೊತ್ತು. ಆದರೆ ಆ ದನಿಯಲ್ಲಿ ಆ ಹೆಸರನ್ನು ಅವಳು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಹಾಜರಿಯಲ್ಲಿ ಕೇಳುತ್ತಿದ್ದ ಹೆಸರೇ ಅಲ್ಲ ಅದು. ಆರು ಅಕ್ಷರವೂ ಕೆರೆಯ ನೀರಿನ ಮೇಲೆ ಹಾಯ್ದು ಆಚೆಯ ದಂಡೆ ಮುಟ್ಟುವ ಹಾಗಿತ್ತು.

“ಮರುಳಸಿದ್ದಮ್ಮಾ! ಎಲ್ಲಿದ್ದೀಯೇ! ಮರುಳಸಿದ್ದಮ್ಮಾ!”

ಅವ್ವಿ ಬಂಡೆಯ ಮೇಲಕ್ಕೆ ಹತ್ತಿ ನಿಂತಳು. “ಓ!” ಅಂದಳು.

ಅದೇ ಹೊತ್ತಿಗೆ ಹುಣಸೆ ಮರದ ಕೆಳಗಿನಿಂದ ಇನ್ನೊಂದು ದನಿ ಬಂತು. “ಓ!”

ಅಜ್ಜಿಯ ದನಿ!

ಬಂಡೆಯ ಮೇಲಿಂದ ಎಲ್ಲ ಕಾಣುತ್ತಿತ್ತು. ದೊಡ್ಡಪ್ಪನ ಕಿತ್ತಳೆ ಟೆಂಟು ಕೆರೆಯ ಮೇಲೆ ಮಗುಚಿ ತೇಲುತ್ತಿತ್ತು. ಅಪ್ಪ ಎದೆಮಟ್ಟ ನೀರಿಗೆ ಇಳಿದಿದ್ದ. ಮೀನು ಹಿಡಿಯುವ ಮಾರೆಪ್ಪ ಹರಿಗೋಲು ಹಾಕಿಕೊಂಡು ಟೆಂಟಿನ ಕಡೆ ಜೋರಾಗಿ ಹುಟ್ಟು ಹೊಡೆಯುತ್ತಿದ್ದ. ಅಮ್ಮ ನೀರಿನ ಅಂಚಿನಲ್ಲಿ, ಸೆರಗು ಕೆಳಗೆ ಬಿದ್ದದ್ದೂ ತಿಳಿಯದೆ ನಿಂತಿದ್ದಳು.

ಅವ್ವಿಗೆ ಆಗ ತಿಳಿಯಿತು. ಅವಳು ಒಳಗಿದ್ದಾಳೆ ಅಂದುಕೊಂಡಿದ್ದರು.

“ಅಮ್ಮಾ! ನಾನಿಲ್ಲಿ ಅದೀನಿ!” ಅಂತ ಕೂಗುತ್ತಾ ಬಂಡೆಯಿಂದ ಜಾರಿ, ಎದ್ದು, ಓಡಿದಳು.

ಅಮ್ಮ ಮೊದಲು ಬೆನ್ನಿಗೆ ಒಂದು ಗುದ್ದು ಹಾಕಿದಳು. ಆಮೇಲೆ ಉಸಿರು ಕಟ್ಟುವಷ್ಟು ಬಿಗಿಯಾಗಿ ಅಪ್ಪಿಕೊಂಡಳು.

“ಟೆಂಟ್ನಾಗ ಮಕ್ಕಂತೀನಿ ಅಂದಿದ್ದೆಲ್ಲೇ!”

“ಭಾಳ ಕಾದಿತ್ತಮ್ಮಾ… ಹಿಂದಿಂದ ಹೊರಗ ಬಂದೆ.”

ಅಪ್ಪ ತೊಟ್ಟಿಕ್ಕುವ ಬಟ್ಟೆಯಲ್ಲಿ ನೀರಿನಿಂದ ಬಂದು ಅವಳ ತಲೆಯ ಮೇಲೆ ಕೈ ಇಟ್ಟ.

“ಆನೆ ಬಂದ್ರೂ ಅಲ್ಲಾಡಂಗಿಲ್ಲ ಅಂದಿದ್ದಿ!” ಅಂತ ನೀಲಗಂಗತ್ತೆ ದೊಡ್ಡಪ್ಪನನ್ನು ತರಾಟೆಗೆ ತೆಗೆದುಕೊಂಡಳು.

“ನಾ ಕ್ಯಾನು ಇಟ್ಟಿದ್ನಲ್ಲವ್ವಾ!”

“ಕ್ಯಾನು ನಾನೇ ತಗಂಡೆ,” ಅಂದಳು ದೊಡ್ಡಮ್ಮ ಅಳುದನಿಯಲ್ಲಿ. “ಪಾತ್ರೆ ತೊಳ್ಯಾಕ ನೀರು ಬ್ಯಾಡೇನು? ಈ ಹುಡುಗಿ ಒಳಗ ಇಲ್ದಿದ್ದು ನೋಡಿದ್ದೆ. ಗಾಬ್ರ್ಯಾಗ ಹೇಳಾಕ ಬಾಯೇ ಬರಲಿಲ್ಲ.”

ಆಗ ಅಮ್ಮ ಇದ್ದಕ್ಕಿದ್ದಂತೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅವಳ ಮುಖ ಕೆಂಪಾಯಿತು. ಬಿದ್ದಿದ್ದ ಸೆರಗನ್ನು ಎಳೆದುಕೊಂಡು ಹುಣಸೆ ಮರದ ಕಡೆ ತಿರುಗಿದಳು. ಎಲ್ಲರೂ ಆ ಕಡೆ ನೋಡಿದರು.

ಅಜ್ಜಿ ಬಿದಿರು ಹಿಡಿದುಕೊಂಡು ಎದ್ದು ನಿಂತಿದ್ದಳು.

“ಅತ್ತೀ… ತಪ್ಪಾತ್ರೀ,” ಅಂದಳು ಅಮ್ಮ. “ಗಾಬ್ರ್ಯಾಗ ಬಾಯಿಗೆ ಬಂತು. ಅವ್ವಿ ಅವ್ವಿ ಅಂದೆ, ಓ ಅನ್ಲಿಲ್ಲ…”

ಅಜ್ಜಿ ಒಂದೊಂದೇ ಹೆಜ್ಜೆ ಇಡುತ್ತಾ ಬಂದಳು. ಬೈಯುತ್ತಾಳೇನೋ ಅಂತ ಅವ್ವಿ ಅಮ್ಮನ ಸೆರಗು ಹಿಡಿದುಕೊಂಡಳು. ಹತ್ತಿರ ಬಂದಾಗ ನೋಡಿದರೆ ಅಜ್ಜಿಯ ಕಣ್ಣು ತುಂಬಿತ್ತು. ಬಾಯಿ ಮಾತ್ರ ನಗುತ್ತಿತ್ತು.

“ಶೈಲಾ, ಇನ್ನೊಮ್ಮೆ ಕರಿಯವ್ವ.”

“ಅಯ್ಯೋ, ಬ್ಯಾಡ್ರೀ ಅತ್ತೀ.”

“ನಾ ನಿದ್ದಿಗಣ್ಣಾಗಿದ್ದೆ. ನನ್ನ ತವರು ಗಾದಿಗನೂರಿನ ಹೊಲದಾಗ ಅದೀನಿ, ನಮ್ಮವ್ವ ಕರ್ಯಾಕತ್ತಾಳ ಅನಿಸ್ತು. ಅಕಿ ಬದುವಿನ ಮ್ಯಾಲೆ ನಿಂತು ಹಿಂಗ ಕರೀತಿದ್ಲು. ಗೂಡ್ಸ್ ರೈಲು ಹೋಗೋ ಸಪ್ಪಳದಾಗೂ ಕೇಳ್ತಿತ್ತು. ‘ಓ’ ಅಂತ ಎದ್ದು ಕುಂತೆ ನೋಡು.” ಅಜ್ಜಿ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. “ಅಕಿ ಹೋದ ಮ್ಯಾಲೆ ನನ್ನನ್ನ ಯಾರು ಹಂಗ ಕರದಾರ? ಯಾರೂ ಇಲ್ಲ.”

“ಅಜ್ಜ ಕರೀತಿದ್ದಿಲ್ಲೇನು?” ಅಂದಳು ತ್ರಿವೇಣಿ.

“ನಿಮ್ಮಜ್ಜಂದು ಬರೀ ‘ಏಯ್, ಇಕಿನ’ ಅಷ್ಟ. ನೀವು ಹುಟ್ಟಿದ ಮ್ಯಾಲೆ ಅಜ್ಜಿ. ಓಣ್ಯಾಗ ಹಾಲೇಶನ ಅವ್ವ. ದವಾಖಾನ್ಯಾಗ ಒಂದು ಹುಡುಗಿ ಚೀಟಿ ನೋಡಿ ಕರೀತೈತಿ. ಅದೂ ಅರ್ಧಕ್ಕ ನಿಂತು, ಉಸಿರು ತಗಂಡು, ‘ಮರುಳ… ಸಿದ್ಧಾಮಾ’ ಅಂತೈತಿ!”

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಹೆದರಿಕೆ ಅಲ್ಲಿಗೆ ಇಳಿಯಿತು.

“ನೀ ಮಾತ್ರ ಬರೋಬ್ಬರಿ ಕರದಿ ಶೈಲಾ. ಇನ್ನ ಮ್ಯಾಲೆ ಕರಿ. ನಾನೇ ಹೇಳಾಕತ್ತೀನಿ,” ಅಂದಳು ಅಜ್ಜಿ. ಆಮೇಲೆ ಏನೋ ನೆನಪಾದವಳಂತೆ ಅವ್ವಿಯ ಮುಖ ನೋಡಿ, “ಓ, ಇನ್ನ ಹೆಂಗ ಕರೀತಿ ಬಿಡು. ಇಕಿ ಹೆಸ್ರು ಬ್ಯಾರೆ ಆತಲ್ಲ,” ಅಂದಳು. ಬೇಸರದಿಂದ ಅಂದದ್ದಲ್ಲ. ಸುಮ್ಮನೆ ಅಂದು ತಿರುಗಿ ಹೊರಟಳು.

ಅವ್ವಿ ತನ್ನ ಬೆರಳು ನೋಡಿಕೊಂಡಳು. ತುದಿ ಇನ್ನೂ ಒದ್ದೆಯಾಗಿತ್ತು.

ಮಾರೆಪ್ಪ ಟೆಂಟನ್ನು ಹರಿಗೋಲಿನಲ್ಲಿ ಹಾಕಿಕೊಂಡು ಬಂದ. ಅದರ ಮೂರು ಕಡ್ಡಿ ಮುರಿದಿದ್ದವು. ಒಳಗೆ ಎರಡು ಸಣ್ಣ ಮೀನು ಸಿಕ್ಕಿದ್ದವು. “ಸಾವ್ಕಾರ್ರೇ, ಬಲೆ ಭಾಳ ಚಲೋ ಐತ್ರಿ. ಎಲ್ಲಿ ತಗಂಡ್ರಿ?” ಅಂತ ಮಾರೆಪ್ಪ ಕೇಳಿದ. ದೊಡ್ಡಪ್ಪ ಅವನಿಗೆ ಒಂದು ಪ್ಲೇಟು ಮಿರ್ಚಿ ಒಗ್ಗರಣೆ ಕೊಟ್ಟ.

ಬಿಸಿಲು ಇಳಿಯಿತು. ನೀರು ತಣ್ಣಗಾಯಿತು. ಮಕ್ಕಳು ಮೊಣಕಾಲ ತನಕ ಇಳಿದು ಎರಚಾಡಿದರು. ಅಜ್ಜಿಯೂ ಸೀರೆ ಎತ್ತಿ ಕಟ್ಟಿ ಪಾದ ಅದ್ದಿದಳು. ಅವ್ವಿ ಅವಳ ಕೈ ಹಿಡಿದು ನಿಂತಿದ್ದಳು, ಡೊಂಕು ಕಿರುಬೆರಳಿಗೆ ಡೊಂಕು ಕಿರುಬೆರಳು ಸಿಕ್ಕಿಸಿಕೊಂಡು.

ಚಹಾ ಕುಡಿದು ಸಾಮಾನು ಕಟ್ಟುವಾಗ ಅಪ್ಪ ಅವಳನ್ನು ಕರೆದ. ಅವನ ಅಂಗಿ ಒಣಗಿತ್ತು. ನೀರಿಗೆ ಇಳಿಯುವಾಗ ಫಾರ್ಮನ್ನು ಅವಸರದಲ್ಲಿ ದಂಡೆಗೆ ಎಸೆದಿದ್ದನಂತೆ. ಅದಕ್ಕೆ ಮಣ್ಣು ಮೆತ್ತಿತ್ತು, ಹರಿದಿರಲಿಲ್ಲ.

“ತಗ, ಪೆನ್ನು. ಅಜ್ಜಿ ಹೂಂ ಅಂದಾಳ. ಹೆಸ್ರು ಬರಿ. ಟೆಂಪೊದಾಗ ಕುಂತು ಬರದ್ರೂ ಆತು.”

ಅವ್ವಿ ಫಾರ್ಮಿನ ಮಣ್ಣು ಕೊಡವಿದಳು. ಹೆಸರು ಅನ್ನುವಲ್ಲಿ ಸಾಲಾಗಿ ಖಾಲಿ ಚೌಕಗಳಿದ್ದವು. ಅವುಗಳನ್ನು ಬೆರಳಿನಿಂದ ಎಣಿಸಿದಳು.

“ಮನ್ಯಾಗ ಬರೀತೀನಿ ಅಪ್ಪಾ,” ಅಂದಳು. “ಟೆಂಪೊದಾಗ ಕುಲುಕ್ತೈತಿ. ಅಕ್ಷರ ಸೊಟ್ಟ ಆಗ್ತಾವ. ಹೆಸ್ರು ಉದ್ದ ಐತಿ.”

ಅಪ್ಪ ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಫಾರ್ಮನ್ನು ಮಡಿಚಿ ಜೇಬಿಗೆ ಇಟ್ಟುಕೊಂಡ.

ಎಲ್ಲರೂ ಟೆಂಪೊ ಹತ್ತಿದರು. ಅಜ್ಜಿ ಮುಂದಿನ ಕಿಟಕಿಯ ಸೀಟಿನಲ್ಲಿ. ಅವ್ವಿ ತ್ರಿವೇಣಿಯ ಜೊತೆ ಎಲ್ಲಕ್ಕಿಂತ ಹಿಂದೆ. ದೊಡ್ಡಪ್ಪ ತಲೆ ಎಣಿಸಲು ಬೆರಳು ಎತ್ತಿದ.

“ಎಣಿಸೋದು ಬ್ಯಾಡ!” ಅಂದಳು ನೀಲಗಂಗತ್ತೆ. “ನಿನ್ನ ಲೆಕ್ಕ ಸಾಕಾಗೈತಿ. ಹೆಸ್ರು ಹಿಡಿದು ಕರಿ. ಓ ಅಂದವ್ರು ಅದಾರ, ಅನ್ನದವ್ರು ಇಲ್ಲ.”

ಸರಿ, ಟೆಂಟಿನ ಪುಸ್ತಕದ ಹಿಂಬದಿಯಲ್ಲಿ ತ್ರಿವೇಣಿ ಇಪ್ಪತ್ಮೂರು ಹೆಸರು ಬರೆದುಕೊಟ್ಟಳು. ದೊಡ್ಡಪ್ಪ ಮೇಷ್ಟ್ರ ಹಾಗೆ ನಿಂತು ಓದಿದ.

“ನೀಲಗಂಗಾ?”

“ಅದೀನಿ.”

“ಹಂಪೇಶ್?”

“ಓ,” ಅಂದ ಅಪ್ಪ.

“ಹಾಲೇಶ್?”

ಯಾರೂ ಮಾತಾಡಲಿಲ್ಲ.

“ಹಾಲೇಶ್! ಲೇ, ಎಲ್ಲಿ ಹೋದ್ನಲೇ ಇವನು?”

“ಪಪ್ಪಾ, ಅದು ನೀವೇ!”

ಟೆಂಪೊ ಅಲುಗಾಡುವಷ್ಟು ನಗು. ದೊಡ್ಡಪ್ಪ ತಾನೇ “ಓ” ಅಂದುಕೊಂಡು ಮುಂದುವರಿದ. ಒಂದೊಂದೇ ಹೆಸರು ಮುಗಿಯಿತು. ಕೊನೆಗೆ, “ಅವ್ವಿ?”

ಅವ್ವಿ ಸುಮ್ಮನಿದ್ದಳು.

“ಅವ್ವೀ! ಲೇ, ಇಲ್ಲೇ ಕಾಣಾಕತ್ತೀಯಲ್ಲ, ಓ ಅನ್ನು!”

“ಪೂರ್ತಿ ಹೆಸ್ರು ಕರೀರಿ ದೊಡ್ಡಪ್ಪಾ.”

ದೊಡ್ಡಪ್ಪ ಬಾಯಿ ತೆರೆದ. ಮುಂದಿನ ಸೀಟಿನಲ್ಲಿದ್ದ ತನ್ನ ಅವ್ವನ ಕಡೆ ನೋಡಿದ. ಬಾಯಿ ಮುಚ್ಚಿದ. ತಲೆ ಕೆರೆದುಕೊಂಡ. ಐವತ್ತು ವರ್ಷದ ದೊಡ್ಡಪ್ಪನಿಗೆ ಒಂದು ಹೆಸರು ಹೇಳಲು ಬರಲಿಲ್ಲ.

“ಶೈಲಾ, ನೀನೇ ಕರಿಯವ್ವ,” ಅಂದ ಸೋತ ದನಿಯಲ್ಲಿ.

ಅಮ್ಮ ಅವ್ವಿಯನ್ನು ನೋಡಿದಳು. ಅಜ್ಜಿಯ ಬೆನ್ನನ್ನು ನೋಡಿದಳು. ಸೆರಗು ಸರಿ ಮಾಡಿಕೊಂಡಳು. ಈ ಸಲ ಕೂಗಲಿಲ್ಲ. ಊಟಕ್ಕೆ ಬಾ ಅಂತ ಪಡಸಾಲೆಯಿಂದ ಕರೆಯುವಷ್ಟು ಮೆಲ್ಲಗೆ ಕರೆದಳು.

“ಮರುಳಸಿದ್ದಮ್ಮಾ…”

‘ಓ’ ಅನ್ನುವುದು ಅವ್ವಿಯ ತುಟಿಯ ತನಕ ಬಂತು. ಅವಳು ಅದನ್ನು ಅಲ್ಲೇ ತಡೆದು ಹಿಡಿದಳು. ಮುಂದಿನ ಸೀಟಿನಲ್ಲಿ ಬಿಳಿ ಕೂದಲಿನ ತಲೆಯೊಂದು ಮೆಲ್ಲಗೆ ಮೇಲೆದ್ದಿತು.

“ಓ!”

ಅದು ಮುಗಿದ ಮೇಲೆ ಅವ್ವಿಯೂ “ಓ” ಅಂದಳು.